ಮುರಿದ ಕೊಡೆ

ನೇತ್ರಾವತಿ ಮತ್ತು ಕುಮಾರಧಾರಾ ನದಿಗಳು ಕೂಡುವ ಉಪ್ಪಿನಂಗಡಿಯಲ್ಲಿ ಮಳೆಗಾಲವೆಂದರೆ ಕೊಡೆಯ ಕಾಲ. ಅಲ್ಲಿನ ಶಾಲೆಯೊಂದರಲ್ಲಿ ಆಟಿ ತಿಂಗಳ ಒಂದು ಸಂಜೆ ಹೀಗಾಯಿತೆಂದು ಭಾವಿಸಿರಿ. ಏಳನೆಯ ತರಗತಿಯ ಹುಡುಗನೊಬ್ಬನು ತಮಾಷೆಗೆಂದು ಸಹಪಾಠಿಯ ಕೊಡೆಯನ್ನು ಕಸಿದುಕೊಂಡನು. ಎಳೆದಾಟದಲ್ಲಿ ಕೊಡೆಯ ಕಡ್ಡಿಗಳು ಮುರಿದುಹೋದವು. ಮರುದಿನ ದೂರು ಅಧ್ಯಾಪಕರ ಬಳಿಗೆ ಬಂದಿತು.

ಹಿಂದಿನ ಕಾಲವಾಗಿದ್ದರೆ ನಾಗರಬೆತ್ತವೇ ನ್ಯಾಯವನ್ನು ತೀರ್ಮಾನಿಸುತ್ತಿತ್ತು. ಈಗ ಅದಕ್ಕೆ ಎಡೆಯಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣವು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆದರೆ ಬೆತ್ತವನ್ನು ಕೆಳಗಿಟ್ಟ ಮಾತ್ರಕ್ಕೆ ಮುರಿದ ಕೊಡೆ ಸರಿಯಾಗುವುದಿಲ್ಲ, ಕೆಟ್ಟ ಗೆಳೆತನವೂ ಕೂಡುವುದಿಲ್ಲ.

ಯಾವ ನಿಯಮ ಮುರಿಯಿತು, ಯಾವ ಶಿಕ್ಷೆ ವಿಧಿಸಬೇಕು ಎಂಬುದು ಹಳೆಯ ವಿಚಾರಣೆಯ ಕ್ರಮ. ಯಾರಿಗೆ ನೋವಾಯಿತು, ಅದನ್ನು ಸರಿಪಡಿಸುವ ಹೊಣೆ ಯಾರದು ಎಂದು ಕೇಳುವುದು ಪುನಃಸ್ಥಾಪಕ ಪದ್ಧತಿ. ಇದರಲ್ಲಿ ಅಧ್ಯಾಪಕರು ಮೊದಲು ಇಬ್ಬರೊಡನೆಯೂ ಪ್ರತ್ಯೇಕವಾಗಿ ಮಾತನಾಡುತ್ತಾರೆ. ಇಬ್ಬರೂ ಒಪ್ಪಿದರೆ, ಘಟನೆಯನ್ನು ಕಂಡವರನ್ನೂ ಮನೆಯ ಹಿರಿಯರನ್ನೂ ಕರೆದು ಎಲ್ಲರನ್ನೂ ವೃತ್ತಾಕಾರವಾಗಿ ಕುಳ್ಳಿರಿಸುತ್ತಾರೆ. ಒಬ್ಬರು ನುಡಿಯುವಾಗ ಉಳಿದವರು ಆಲಿಸಬೇಕು.

ಕೊಡೆಯನ್ನು ಕಳೆದುಕೊಂಡ ಬಾಲಕನು ಆಗ ಬಾಯಿಬಿಡುತ್ತಾನೆ. ಅದು ಅವನ ತಾಯಿ ಬೀಡಿ ಕಟ್ಟಿ ಕೂಡಿಸಿದ ಹಣದಿಂದ ಕೊಂಡ ಕೊಡೆ. ಆ ಸಂಜೆ ಅವನೂ ಅವನ ತಂಗಿಯೂ ತೊಯ್ದು ಮನೆ ಸೇರಿದರು. ತಂಗಿಗೆ ಜ್ವರ ಬಂದಿತು. ಮುರಿದವನಿಗೆ ಇದಾವುದೂ ತಿಳಿದಿರಲಿಲ್ಲ. ಬೆತ್ತವು ಇದನ್ನು ತಿಳಿಸುತ್ತಲೂ ಇರಲಿಲ್ಲ. ಏಟು ತಿಂದವನು ತನ್ನ ನೋವನ್ನಷ್ಟೇ ನೆನೆಯುತ್ತಾನೆ. ಕೊಡೆಯನ್ನು ರಿಪೇರಿ ಮಾಡಿಸುವುದು, ಅಲ್ಲಿಯವರೆಗೆ ತನ್ನ ಕೊಡೆಯನ್ನು ಅಣ್ಣ ತಂಗಿಯರಿಗೆ ಬಿಟ್ಟುಕೊಡುವುದು ಮುಂತಾದ ಪರಿಹಾರಗಳು ಅವನ ಬಾಯಿಂದಲೇ ಬರಬೇಕು. ಇದು ಸುಲಭದ ಬಿಡುಗಡೆಯೆಂದು ಆಕ್ಷೇಪಿಸುವವರುಂಟು. ಅವರು ಒಮ್ಮೆ ಆ ವೃತ್ತದಲ್ಲಿ ತಪ್ಪಿತಸ್ಥರಾಗಿ ಕುಳಿತು ನೋಡಬೇಕು!

ಈ ಕ್ರಮವು ಶಾಲೆಗೆ ಬಂದುದು ನ್ಯಾಯಾಲಯದ ಕಡೆಯಿಂದ. 1974ರಲ್ಲಿ ಕೆನಡಾದ ಎಲ್ಮೈರಾ ಪಟ್ಟಣದಲ್ಲಿ ಇಬ್ಬರು ತರುಣರು 22 ಕಡೆ ಹಾನಿಯೆಸಗಿ ಸಿಕ್ಕಿಬಿದ್ದರು. ನ್ಯಾಯಾಧೀಶರು ಅವರನ್ನು ನಷ್ಟಹೊಂದಿದವರ ಬಳಿಗೇ ಕಳುಹಿಸಿದರು. ತರುಣರು ಅವರಿಗೆ ಮುಖಾಮುಖಿಯಾಗಿ ನಷ್ಟವನ್ನು ತುಂಬಿಕೊಟ್ಟರು. ನ್ಯೂಜಿಲೆಂಡಿನ ಮಾವೊರಿ ಜನರಲ್ಲಿ ಕುಟುಂಬದವರೆಲ್ಲ ಕೂಡಿ ತಪ್ಪನ್ನು ವಿಚಾರಿಸುವ ರೂಢಿಯಿತ್ತು. 1989ರಲ್ಲಿ ಆ ದೇಶವು ಅದನ್ನು ಬಾಲಕರ ಕಾನೂನಿನಲ್ಲಿ ಅಳವಡಿಸಿತು. 1994ರಲ್ಲಿ ಆಸ್ಟ್ರೇಲಿಯದ ಮರೂಚಿಡೋರ್ ಪ್ರೌಢಶಾಲೆಯು ಇಂತಹ ಸಭೆಯನ್ನು ವಿದ್ಯಾರ್ಥಿಗಳ ನಡುವೆ ನಡೆಸಿತು.

ಆದರೆ ನೊಂದವನನ್ನು ‘ಕ್ಷಮಿಸಿಬಿಡು’ ಎಂದು ಒತ್ತಾಯಿಸಲಾಗದು; ಅದು ಅವನಿಗೆ ಎರಡನೆಯ ಪೆಟ್ಟು. ಒಬ್ಬನನ್ನು ಗುಂಪೊಂದು ನಿತ್ಯವೂ ಪೀಡಿಸುತ್ತಿದ್ದರೆ ಮೊದಲು ಅವನಿಗೆ ರಕ್ಷಣೆ ದೊರೆಯಬೇಕು. ವೃತ್ತದ ಮಾತು ಅನಂತರ. ಸಭೆ ಮುಗಿದ ಹದಿನೈದು ದಿನಗಳಲ್ಲಿ ಅಧ್ಯಾಪಕರು ಇಬ್ಬರನ್ನೂ ಮತ್ತೆ ಕರೆದು, ಒಪ್ಪಿದಂತೆ ನಡೆಯಿತೇ, ಕೊಡೆ ರಿಪೇರಿಯಾಗಿ ಬಂದಿತೇ ಎಂದು ವಿಚಾರಿಸುತ್ತಾರೆ.