ನರಕೋಶಗಳ ಪ್ರಯಾಣವೂ ಸೂಕ್ಷ್ಮನಾಳಗಳೂ

ಮಾನವನ ಮಿದುಳಿನ ಹೊರಪದರದಲ್ಲಿರುವ ನರಕೋಶಗಳಲ್ಲಿ ಬಹುಪಾಲು ಅಲ್ಲಿಯೇ ಹುಟ್ಟಿದವುಗಳಲ್ಲ. ಶಿಶುವು ಗರ್ಭದಲ್ಲಿರುವಾಗ ಅವು ಮಿದುಳಿನ ಒಳಗುಳಿಗಳ ಅಂಚಿನಲ್ಲಿ ಜನಿಸಿ, ಹೊರಮೈಯ ಕಡೆಗೆ ಸಾಗಿ, ಅಲ್ಲಿ ಪದರಪದರವಾಗಿ ನೆಲಸುವುವು. ಈ ಪ್ರಯಾಣಕ್ಕೆ ಆಧಾರವಾದುವು ಕೋಶದೊಳಗಿನ ಸೂಕ್ಷ್ಮನಾಳಗಳು. ಆ ನಾಳಗಳನ್ನು ಹದದಲ್ಲಿಡುವುವು ಕೆಲವು ಪ್ರೋಟೀನುಗಳು.

ಟ್ಯುಬ್ಯುಲಿನ್ ಎಂಬ ಪ್ರೋಟೀನಿನ ಜೋಡಿ ಅಣುಗಳು ಒಂದರ ಮುಂದೊಂದು ಸೇರಿ ಎಳೆಗಳಾಗುವುವು. ಸಾಮಾನ್ಯವಾಗಿ ಅಂತಹ 13 ಎಳೆಗಳು ಮಗ್ಗುಲಾಗಿ ಕೂಡಿ ಒಂದು ಟೊಳ್ಳು ನಾಳವಾಗುವುದು. ಇದರ ಅಡ್ಡಳತೆ ಸುಮಾರು 25 ನ್ಯಾನೊಮೀಟರು, ಎಂದರೆ ಮಿಲಿಮೀಟರಿನ 40,000ದಲ್ಲಿ ಒಂದು ಪಾಲು. ಈ ನಾಳಗಳು ನಿಧಾನವಾಗಿ ಬೆಳೆಯುತ್ತಿದ್ದು, ಇದ್ದಕ್ಕಿದ್ದಂತೆ ತುದಿಯಿಂದ ಕಳಚಿಕೊಂಡು ಕುಗ್ಗುವುವೆಂದು ಮಿಚಿಸನ್ ಮತ್ತು ಕಿರ್ಷ್ನರ್ ಎಂಬ ವಿಜ್ಞಾನಿಗಳು 1984ರಲ್ಲಿ ತಿಳಿಸಿದರು.

ಈ ಅಸ್ಥಿರತೆಯಿಂದ ಪ್ರಯೋಜನವುಂಟು. ಚಲಿಸುವ ಕೋಶವು ಮುಂದೆ ಹೊಸ ಆಧಾರವನ್ನು ಕಟ್ಟಿ, ಬೇಡವಾದುದನ್ನು ಬಿಚ್ಚಬೇಕಷ್ಟೆ. ಆದರೆ ಬಿಚ್ಚುವಿಕೆಯು ಮಿತಿಮೀರಬಾರದು. ಡಬಲ್‌ಕಾರ್ಟಿನ್ ಎಂಬ ಪ್ರೋಟೀನು ಪಕ್ಕಪಕ್ಕದ ಎಳೆಗಳ ನಡುವಣ ಸಂದಿನಲ್ಲಿ ಕುಳಿತು ಅವುಗಳನ್ನು ಬಿಗಿಹಿಡಿಯುವುದು. ಅದಕ್ಕೆ ಫಾಸ್ಫೇಟು ಸೇರಿದಾಗ ಈ ಹಿಡಿತವು ಸಡಿಲವಾಗುವುದು. ಲಿಸ್-1 ಎಂಬ ಮತ್ತೊಂದು ಪ್ರೋಟೀನು, ನಾಳಗಳ ಮೇಲೆ ನಡೆಯುವ ಡೈನೀನ್ ಎಂಬ ಯಂತ್ರಾಣುವಿಗೆ ನೆರವಾಗುವುದು. ಆ ಡೈನೀನಿನ ಸೆಳೆತದಿಂದಲೇ ಕೋಶಕೇಂದ್ರವು ಮುಂದಕ್ಕೆ ಸರಿಯುವುದು.

ಇವುಗಳ ಮಹತ್ತ್ವವು ತಿಳಿದುಬಂದುದು ರೋಗದ ಮೂಲಕ. ಲಿಸ್-1ರ ಜೀನು 1993ರಲ್ಲಿಯೂ ಡಬಲ್‌ಕಾರ್ಟಿನ್ನಿನದು 1998ರಲ್ಲಿಯೂ ಗೊತ್ತಾದುವು. ಇವು ಕೆಟ್ಟಲ್ಲಿ ಮಿದುಳಿನ ಮಡಿಕೆಗಳು ಮೂಡದೆ ಮೈ ನುಣುಪಾಗಿ ಉಳಿಯಬಹುದು. ಲಿಸ್ಸೆನ್ಸೆಫಲಿ ಎಂಬ ರೋಗನಾಮಕ್ಕೆ ಗ್ರೀಕಿನಲ್ಲಿ ‘ನುಣುಪು ಮಿದುಳು’ ಎಂದೇ ಅರ್ಥ. ಇಂತಹ ಮಕ್ಕಳು ಅಪಸ್ಮಾರದಿಂದಲೂ ಬುದ್ಧಿಯ ಬೆಳವಣಿಗೆಯ ಕುಂಠನದಿಂದಲೂ ಬಳಲುವರು.

ಡಬಲ್‌ಕಾರ್ಟಿನ್ನಿನ ಜೀನು ಎಕ್ಸ್ ವರ್ಣತಂತುವಿನಲ್ಲಿದೆ. ಗಂಡುಮಕ್ಕಳಿಗೆ ಅದು ಒಂದೇ ಆದುದರಿಂದ ಜೀನು ಕೆಟ್ಟರೆ ಸಾಮಾನ್ಯವಾಗಿ ಮಿದುಳೆಲ್ಲವೂ ನುಣುಪಾಗುವುದು. ಹೆಣ್ಣುಮಕ್ಕಳಿಗೆ ಎಕ್ಸ್ ಎರಡಿದ್ದರೂ ಪ್ರತಿಯೊಂದು ಕೋಶದಲ್ಲಿಯೂ ಕೆಲಸಮಾಡುವುದು ಬಹುಮಟ್ಟಿಗೆ ಒಂದೇ. ಒಳ್ಳೆಯ ಜೀನು ಎಚ್ಚತ್ತಿರುವ ಕೋಶಗಳು ಗುರಿಮುಟ್ಟುವುವು. ಉಳಿದವುಗಳಲ್ಲಿ ಅನೇಕವು ನಡುದಾರಿಯಲ್ಲಿ ನಿಂತು, ಸಹಜವಾದ ಪದರದ ಕೆಳಗೆ ಎರಡನೆಯ ಪಟ್ಟೆಯಾಗುವುವು. ಪ್ರೋಟೀನಿನ ಹೆಸರು ಹುಟ್ಟಿದುದು ಈ ಇಮ್ಮಡಿ ಪದರದಿಂದಲೇ. ಹೀಗೆ ಅದರ ಹೆಸರು ಅದು ಮಾಡುವ ಕಾರ್ಯವನ್ನು ಹೇಳದೆ, ಅದಿಲ್ಲದಿದ್ದರೆ ಒದಗುವ ಕೇಡನ್ನು ಹೇಳುತ್ತದೆ.