ಸಂಧಿವಾತ, ಲೂಪಸ್ ಇರುವವರು ಫ್ಲೂ ಲಸಿಕೆ ಪಡೆಯಬಹುದೇ?

ಫ್ಲೂ ಲಸಿಕೆ ಪಡೆದರೆ ರುಮಟಾಯ್ಡ್ ಸಂಧಿವಾತ ಅಥವಾ ಲೂಪಸ್ ಕೆರಳೀತೇ? ರೋಗಿಗಳ ಮನೆಗೆ ಪರಮಪ್ರಸಾದ ಕೊಂಡೊಯ್ಯುವಾಗ ನಾವು ಕೇಳುವ ಪ್ರಶ್ನೆಯಿದು. ಹೆಂಚಿಗೆ ಹೆಸರಾದ ನಮ್ಮ ಮಂಗಳೂರಿನಲ್ಲಿರಲಿ, ಕೋಲಾರ ಜಿಲ್ಲೆಯ ಹೆಂಚಿನೂರು ಮಾಲೂರಿನಲ್ಲಿರಲಿ, ಉತ್ತರ ಒಂದೇ.

ಈ ಕಾಯಿಲೆಗಳಲ್ಲಿ ದೇಹದ ರಕ್ಷಣಾ ಶಕ್ತಿ ದೇಹವನ್ನೇ ಕಾಡುತ್ತದೆ. ಅದನ್ನು ತಗ್ಗಿಸುವ ಮಾತ್ರೆ ನುಂಗುವವರಿಗೆ ಫ್ಲೂ ಬೇಗನೆ ನ್ಯುಮೋನಿಯಾಕ್ಕೆ ತಿರುಗಬಹುದು. ಆದ್ದರಿಂದ ಲಸಿಕೆ ಬೇಕಾದದ್ದು ಮುಖ್ಯವಾಗಿ ಇವರಿಗೇ.

ಚುಚ್ಚುಮದ್ದಿನಲ್ಲಿ ಜೀವಂತ ವೈರಸ್ ಇಲ್ಲ. ಅದರಿಂದ ಫ್ಲೂ ಬರುವುದಿಲ್ಲ. ಒಂದೆರಡು ದಿನ ತೋಳುನೋವು, ಸಣ್ಣ ಜ್ವರ ಬರಬಹುದು. ಮೂಗಿಗೆ ಸಿಂಪಡಿಸುವ ಲಸಿಕೆಯಲ್ಲಿ ದುರ್ಬಲಗೊಳಿಸಿದ ಜೀವಂತ ವೈರಸ್ ಇರುವುದರಿಂದ ಅದು ಇವರಿಗೆ ಬೇಡ.

ಮೆಥೊಟ್ರೆಕ್ಸೇಟ್ ಮಾತ್ರೆ ಲಸಿಕೆಯ ಫಲವನ್ನು ಕುಗ್ಗಿಸುತ್ತದೆ. ಕಾಯಿಲೆ ಹತೋಟಿಯಲ್ಲಿದ್ದರೆ ಲಸಿಕೆಯ ನಂತರ 2 ವಾರ ಅದನ್ನು ನಿಲ್ಲಿಸಬಹುದೆಂದು ಅಮೆರಿಕದ ಸಂಧಿವಾತ ತಜ್ಞರ ಸಂಘ 2022ರಲ್ಲಿ ಸಲಹೆ ನೀಡಿದೆ. ಆದರೆ ವೈದ್ಯರನ್ನು ಕೇಳದೆ ಯಾವ ಮಾತ್ರೆಯನ್ನೂ, ಮುಖ್ಯವಾಗಿ ಸ್ಟೀರಾಯ್ಡನ್ನು, ನಿಲ್ಲಿಸಬಾರದು. ಹಿಂದೆ ಲಸಿಕೆಯಿಂದ ತೀವ್ರ ಅಲರ್ಜಿ ಆಗಿದ್ದರೆ, 6 ವಾರದೊಳಗೆ ಗಿಲಾನ್-ಬಾರೆ ಕಾಯಿಲೆ ಬಂದಿದ್ದರೆ ಮೊದಲೇ ತಿಳಿಸಬೇಕು.

ರಕ್ಷಣೆ ಮೂಡಲು ಸುಮಾರು 2 ವಾರ ಬೇಕು. ಆದ್ದರಿಂದ ಪ್ರತಿವರ್ಷ ಮಳೆಗಾಲಕ್ಕೆ ಮುಂಚೆಯೇ ಪಡೆಯುವುದು ಲೇಸು. ಮನೆಯವರೂ ಪಡೆಯಲಿ. ಶೀತ, ಜ್ವರ ಇದ್ದ ದಿನ ನಾವು ರೋಗಿಗಳ ಭೇಟಿಗೆ ಹೋಗದಿರುವುದೂ ಪರಪ್ರೀತಿಯೇ.