ಸ್ಪರ್ಧೆಯ ಗಂಟೆಗೆ ಹುಟ್ಟಿದ ನಾಟಕ

ವಿಶ್ವವಿದ್ಯಾಲಯಗಳ ಯುವಜನೋತ್ಸವದಲ್ಲಿ ಏಕಾಂಕಕ್ಕೆ ಸಿಗುವುದು 30 ನಿಮಿಷ, ರಂಗದ ಮೇಲೆ ಹೆಚ್ಚೆಂದರೆ 9 ಮಂದಿ. ರಂಗವನ್ನು ಖಾಲಿಯಾಗಿಯೇ ಒಪ್ಪಿಸುತ್ತಾರೆ. ಸಾಮಾನು ಜೋಡಿಸಲೂ ತೆಗೆಯಲೂ ಸೇರಿ 10 ನಿಮಿಷ. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯಕ್ಕೆ ಸೇರಿದ ಇಚಲಕರಂಜಿ, ಗಡಹಿಂಗ್ಲಜಗಳ ಕಾಲೇಜುಗಳಲ್ಲಿ ಈ ಉತ್ಸವಕ್ಕೆ ನಾಟಕ ಬರೆಯಲು ಕೂತವರ ಎದುರಿಗೆ ಆ ಗಡಿಯಾರ ಇದ್ದೇ ಇರುತ್ತದೆ. ಅರಮನೆ ಬೇಕೆಂದರೆ ಅದು ಮಾತಿನಲ್ಲೇ ಎದ್ದು ನಿಲ್ಲಬೇಕು. ಪೀಠಿಕೆಗೆ ಜಾಗವಿಲ್ಲ. ಜಗಳ ಅರ್ಧ ನಡೆದಿರುವಾಗಲೇ ಪರದೆ ಸರಿಯಬೇಕು.

ಇದೇ ಸೀಮೆಯಲ್ಲಿ ಹಿಂದೆ ನಾಟಕವೆಂದರೆ ರಾತ್ರಿಯಿಡೀ ನಡೆಯುವ ಆಟ. ಇಚಲಕರಂಜಿಗೆ ಹತ್ತಿರದ ಸಾಂಗ್ಲಿಯಲ್ಲಿ, ಕರ್ನಾಟಕದಿಂದ ಬಂದ ಭಾಗವತ ಮೇಳದ ಆಟ ನೋಡಿದ ಸಂಸ್ಥಾನಿಕ ಚಿಂತಾಮಣರಾವ ಪಟವರ್ಧನರು ಅಂಥದ್ದೊಂದನ್ನು ಮರಾಠಿಯಲ್ಲಿ ಕಟ್ಟುವಂತೆ ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರ ನವೆಂಬರ್ 5ರಂದು ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ಮರಾಠಿ ರಂಗಭೂಮಿ ದಿನವನ್ನು ಇಂದಿಗೂ ಆ ತಾರೀಖಿನಂದೇ ಆಚರಿಸುತ್ತಾರೆ. ಮುಂದೆ ಮರಾಠಿ ಕಂಪನಿಗಳು ಇತ್ತ ಬಂದು ಹುಬ್ಬಳ್ಳಿ, ಧಾರವಾಡಗಳನ್ನು ಗೆದ್ದಾಗ, ಕನ್ನಡಕ್ಕೂ ತನ್ನದೇ ನಾಟಕ ಬೇಕೆಂದು 1870ರ ದಶಕದಲ್ಲಿ ಗದಗಿನಲ್ಲಿ ಮಂಡಳಿ ಕಟ್ಟಿದವರು ಶಾಂತಕವಿಗಳು. ಕೊಲ್ಹಾಪುರದಲ್ಲಿ 1890ರಲ್ಲಿ ಹುಟ್ಟಿದ ಸಂಗೀತಸೂರ್ಯ ಕೇಶವರಾವ ಭೋಸಲೆ ತಮ್ಮ ಲಲಿತಕಲಾದರ್ಶ ಮಂಡಳಿಯನ್ನು 1908ರಲ್ಲಿ ಆರಂಭಿಸಿದ್ದು ನಮ್ಮ ಹುಬ್ಬಳ್ಳಿಯಲ್ಲಿ. ಹೀಗೆ ಕೊಟ್ಟು ತಂದ ನೆಂಟಸ್ತಿಕೆ ಇದು. ಶಾಹೂ ಮಹಾರಾಜರು 1915ರಲ್ಲಿ ಕೊಲ್ಹಾಪುರದ ಖಾಸಬಾಗ್ ಕುಸ್ತಿ ಮೈದಾನದ ಮಗ್ಗುಲಲ್ಲೇ ತೆರೆದ ಪ್ಯಾಲೇಸ್ ಥಿಯೇಟರ್ ಆಮೇಲೆ ಕೇಶವರಾವ ಅವರ ಹೆಸರನ್ನೇ ಪಡೆಯಿತು.

ಈ ದೊಡ್ಡಾಟದ ಕಾಲದಲ್ಲಿ ಕಿರುನಾಟಕದ ಪಾಲಿಗೆ ಇದ್ದದ್ದು ಬಾಲಂಗೋಚಿಯ ಸ್ಥಾನ. ಪೌರಾಣಿಕ ಆಟ ಮುಗಿದ ಮೇಲೆ ಜನರನ್ನು ನಗಿಸಿ ಮನೆಗೆ ಕಳಿಸಲು ಒಂದು ಫಾರ್ಸ್, ಅಷ್ಟೇ. ಅದರ ಮರ್ಯಾದೆ ಹೆಚ್ಚಿಸಿದ ಮೊದಲಿಗರಲ್ಲಿ ದಿವಾಕರ ಎಂಬ ಹೆಸರಿನಲ್ಲಿ ಬರೆದ ಶಂಕರ ಕಾಶೀನಾಥ ಗರ್ಗೆ ಅವರನ್ನು ನೆನೆಯಲೇಬೇಕು. 1911ರಿಂದ ಅವರು ಬರೆದ ನಾಟ್ಯಛಟೆಗಳಲ್ಲಿ ಮಾತಾಡುವುದು ಒಬ್ಬರೇ. ಎದುರಿಗಿರುವವರು ಏನಂದರೆಂಬುದು ಆ ಒಬ್ಬರ ಮಾತಿನಿಂದಲೇ ನಮಗೆ ತಿಳಿಯಬೇಕು. ಅದೇ ದಶಕದಲ್ಲಿ ಕನ್ನಡದಲ್ಲಿ ಕೈಲಾಸಂ ಬೆಂಗಳೂರಿನ ಮನೆಗಳ ಬೆರಕೆ ಮಾತನ್ನು ರಂಗಕ್ಕೆ ತಂದರು. ಬೇಂದ್ರೆಯವರ ‘ಸಾಯೋ ಆಟ’, ಶ್ರೀರಂಗರ ಏಕಾಂಕಗಳು ಅದರ ಹಿಂದೆಯೇ ಬಂದವು.

ಆಮೇಲೆ ಬಂದದ್ದು ಟಾಕಿ. ಕೊಲ್ಹಾಪುರದಲ್ಲೇ 1929ರಲ್ಲಿ ಹುಟ್ಟಿದ ಪ್ರಭಾತ್ ಕಂಪನಿಯ ‘ಅಯೋಧ್ಯೇಚಾ ರಾಜಾ’ದಲ್ಲಿ ನಾಯಕರಾದವರು ಊರಿನ ರಂಗಸಂಗೀತಗಾರ ಗೋವಿಂದರಾವ ಟೆಂಬೆ. ನಾಟಕ ಕಂಪನಿಗಳು ಒಂದೊಂದಾಗಿ ಕುಸಿದವು. ನಾಟಕ ಹವ್ಯಾಸಿಗಳ ಕೈಗೆ ಬಂತು. ಹಗಲು ಕೆಲಸ, ಸಂಜೆ ತಾಲೀಮು. ಅವರಿಗೆ ಒಗ್ಗಿದ್ದು ಒಂದೇ ಅಂಕದ ನಾಟಕ. 1954ರಲ್ಲಿ ಸರ್ಕಾರದ ರಾಜ್ಯ ನಾಟ್ಯ ಸ್ಪರ್ಧೆ ಶುರುವಾಯಿತು. 1963ರಲ್ಲಿ ಪುಣೆಯ ಮಹಾರಾಷ್ಟ್ರೀಯ ಕಲೋಪಾಸಕ ಸಂಸ್ಥೆ ಕಾಲೇಜು ಮಕ್ಕಳಿಗಾಗಿ ಪುರುಷೋತ್ತಮ ಕರಂಡಕ ಎಂಬ ಪಾರಿತೋಷಕದ ಏಕಾಂಕ ಸ್ಪರ್ಧೆಯನ್ನು ಆರಂಭಿಸಿತು. ಮಗ್ಗದ ಸದ್ದಿನ ಇಚಲಕರಂಜಿ 1974ರಲ್ಲಿ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನ ನಡೆಸಿದಾಗ ಅಧ್ಯಕ್ಷರಾಗಿ ಬಂದ ಪು. ಲ. ದೇಶಪಾಂಡೆ, ಏಕಾಂಕಗಳನ್ನೂ ಬರೆದವರು, ಬೆಳಗಾವಿಯ ಕಾಲೇಜಿನಲ್ಲಿ ಪಾಠ ಹೇಳಿದವರು.

ದೊಡ್ಡ ರಂಗಮಂದಿರದಿಂದ ದೂರ ಇರುವವರಿಗೆ ಏಕಾಂಕ ಎಂಥ ಬಾಗಿಲಾಯಿತು ಎಂಬುದಕ್ಕೆ ಮಹೇಶ ಎಲಕುಂಚವಾರರಿಗಿಂತ ಬೇರೆ ಸಾಕ್ಷಿ ಬೇಡ. 1967ರಲ್ಲಿ ‘ಸತ್ಯಕಥಾ’ ಪತ್ರಿಕೆಯಲ್ಲಿ ಅವರ ‘ಸುಲ್ತಾನ್’ ಅಚ್ಚಾಯಿತು. ಅದನ್ನು ಓದಿದ ನಿರ್ದೇಶಕಿ ವಿಜಯಾ ಮೆಹ್ತಾ ವಿದರ್ಭದ ಆ ಅಪರಿಚಿತ ಲೇಖಕನನ್ನು ತಮ್ಮ ರಂಗಾಯನ ತಂಡದ ಮೂಲಕ ಮುಂಬೈಗೆ ಪರಿಚಯಿಸಿದರು. ಹತ್ತು ವರ್ಷದ ಬಳಿಕ ಪ್ರೇಮಾನಂದ ಗಜ್ವಿ ‘ಘೋಟಭರ ಪಾಣಿ’ಯಲ್ಲಿ ದಲಿತನ ಬಾಯಾರಿಕೆಯೊಂದನ್ನೇ ನಾಟಕವಾಗಿಸಿದರು. ಅದು ಮೂರಂಕಕ್ಕೆ ಹಿಗ್ಗಿದ್ದರೆ ಬಾಯಾರಿಕೆ ತಣಿದುಬಿಡುತ್ತಿತ್ತೇನೋ.

ಹೊಸಬರಲ್ಲಿ ನನ್ನ ಮನಸ್ಸನ್ನು ಬಿಡದೆ ಹಿಡಿದಿರುವುದು ನಾಶಿಕದ ಪ್ರಾಜಕ್ತ ದೇಶಮುಖರ ‘ದೇವಬಾಭಳಿ’. ತುಕಾರಾಮರಿಗೆ ಬುತ್ತಿ ಒಯ್ಯುವ ಹೆಂಡತಿ ಆವಲಿಯ ಕಾಲಿಗೆ ಮುಳ್ಳು ಚುಚ್ಚುತ್ತದೆ. ಅವಳ ಆರೈಕೆಗೆ ವಿಠ್ಠಲನ ಮಡದಿ ರುಕ್ಮಿಣಿಯೇ ಬೇರೆ ಹೆಸರಿನಲ್ಲಿ ಬಂದು ಮನೆ ಸೇರುತ್ತಾಳೆ. ರಂಗದ ಮೇಲೆ ಇಬ್ಬರೇ ಹೆಂಗಸರು. ಸಂತನೂ ದೇವರೂ ಮಾತಿನಲ್ಲಷ್ಟೇ ಇದ್ದಾರೆ. ಗಂಡ ದೇವರ ಪಾಲಾದವಳೂ ದೇವರನ್ನೇ ಗಂಡನಾಗಿ ಪಡೆದವಳೂ ಒಲೆಯ ಮುಂದೆ ಕೂತು ಮಾತಾಡಿಕೊಂಡರೆ ಭಕ್ತಿಯ ಇಡೀ ಕಥೆ ಮಗ್ಗುಲು ಬದಲಿಸುತ್ತದೆ. ಮೊದಲು ಏಕಾಂಕವಾಗಿದ್ದ ಇದು 2017ರಲ್ಲಿ ಪೂರ್ಣ ಸಂಗೀತ ನಾಟಕವಾಯಿತು. ಬೆಳೆದ ಮೇಲೂ ಪಾತ್ರಗಳ ಸಂಖ್ಯೆ ಹೆಚ್ಚಲಿಲ್ಲ ಎಂಬುದರಲ್ಲಿ ನಾಟಕಕಾರನ ಗಟ್ಟಿತನ ಕಾಣುತ್ತದೆ.

ಇಂಥ ಬರವಣಿಗೆಯನ್ನು ಮೆಚ್ಚಲು ನಾವು ಇನ್ನೂ ಸರಿಯಾಗಿ ಕಲಿತಿಲ್ಲ ಎಂದೇ ನನ್ನ ಸಂಕಟ. ಸ್ಪರ್ಧೆ ಮುಗಿದೊಡನೆ ಕರಂಡಕ ಯಾರಿಗೆ, ಅಭಿನಯದ ಬಹುಮಾನ ಯಾರಿಗೆ ಎಂದು ಕೇಳುತ್ತೇವೆ. ಯಾವ ಮಾತಿನಲ್ಲಿ ಕಥೆ ತಿರುಗಿತು, ಬರೆದವರು ಏನನ್ನು ಹೇಳದೆ ಉಳಿಸಿಕೊಂಡರು ಎಂಬ ಚರ್ಚೆ ಕಡಿಮೆ. ಬೆಳಕಿನ ಚಮತ್ಕಾರ ಚಪ್ಪಾಳೆ ಗಿಟ್ಟಿಸುತ್ತದೆ ಎಂದು ತಿಳಿದ ತಂಡಗಳು ಮಾತನ್ನು ಸೊರಗಿಸುವುದೂ ಉಂಟು. ಸ್ಪರ್ಧೆಯ ಹಂಗಾಮು ಮುಗಿದ ಮೇಲೆ ಹೆಚ್ಚಿನ ಏಕಾಂಕಗಳು ಮತ್ತೆ ರಂಗ ಏರುವುದಿಲ್ಲ, ಅಚ್ಚೂ ಆಗುವುದಿಲ್ಲ. ‘ಸುಲ್ತಾನ್’ ಉಳಿದದ್ದು ಒಂದು ಪತ್ರಿಕೆ ಪುಟ ಕೊಟ್ಟಿದ್ದರಿಂದ.

2024ರ ಆಗಸ್ಟ್ 8ರ ರಾತ್ರಿ, ಕೇಶವರಾವ ಭೋಸಲೆಯವರ ಜನ್ಮದಿನದ ಮುನ್ನಾರಾತ್ರಿ, ಅವರ ಹೆಸರಿನ ನಾಟ್ಯಗೃಹ ಬೆಂಕಿಗೆ ಆಹುತಿಯಾಯಿತು. ಕೊಲ್ಹಾಪುರದ ಜನ ಕಣ್ಣೀರಿಟ್ಟರು. ಕಟ್ಟಡವನ್ನು ಹಣ ಹಾಕಿ ಮತ್ತೆ ಎಬ್ಬಿಸಬಹುದು. ಒಂದು ಪ್ರಯೋಗದೊಡನೆ ಕಳೆದುಹೋದ ಕೈಬರಹದ ಪ್ರತಿಯನ್ನು ಎಲ್ಲಿಂದ ತರುವುದು?

ಗಡಹಿಂಗ್ಲಜದ ಹಿರಣ್ಯಕೇಶಿ ಹೊಳೆ ಸಂಕೇಶ್ವರದ ಮೇಲೆ ಹರಿದು ಘಟಪ್ರಭೆಯನ್ನು ಸೇರುತ್ತದೆ. ನಾಟಕಕಾರ ಚಂದ್ರಶೇಖರ ಕಂಬಾರರ ಘೋಡಗೇರಿ ಇರುವುದು ಆ ಘಟಪ್ರಭೆಯ ದಡದಲ್ಲೇ. ಹೊಳೆಯಂತೆ ನಾಟಕವೂ ಗಡಿ ದಾಟಬಹುದು. ಮರಾಠಿ, ಕನ್ನಡ ಎರಡೂ ನುಡಿ ಬಲ್ಲ ಓದುಗರು ಈ ಸೀಮೆಯಲ್ಲಿ ಧಾರಾಳವಾಗಿದ್ದಾರೆ. ಆ ಕಡೆಯ ಹೊಸ ಏಕಾಂಕಗಳನ್ನು ವರ್ಷಕ್ಕೆ ನಾಲ್ಕಾದರೂ ಕನ್ನಡಕ್ಕೆ ತಂದು ಬೆಳಗಾವಿ, ಧಾರವಾಡದ ತಂಡಗಳು ಆಡಬೇಕು. ನಮ್ಮ ಹುಡುಗರು ಬರೆದದ್ದು ಮರಾಠಿಯಾಗಿ ಅತ್ತ ಹೋಗಬೇಕು. ಭಾಗವತರ ಮೇಳ ಸಾಂಗ್ಲಿಗೆ ಹೋಗುವಾಗ ರೈಲು ಕೂಡ ಇರಲಿಲ್ಲ. ಧಾರವಾಡದಿಂದ ಬೆಳಿಗ್ಗೆ ಬಸ್ಸು ಹಿಡಿದರೆ ಈಗ ಮಧ್ಯಾಹ್ನದ ಹೊತ್ತಿಗೆ ಕೊಲ್ಹಾಪುರ.